ಪಾಠ ನೋಡುವಾಗ ಎಲ್ಲಾ ಅರ್ಥವಾಗುತ್ತೆ, ಖಾಲಿ ಪ್ರಾಜೆಕ್ಟ್ ತೆರೆದರೆ ತಲೆಯೂ ಖಾಲಿ

ಸೊನ್ನೆಯಿಂದ_ಶುರು:
ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ಅಕೌಂಟ್ಸ್ ಕೆಲಸ. ಎಕ್ಸೆಲ್ ಫಾರ್ಮುಲಾ ಬಿಟ್ಟರೆ ಕೋಡಿಂಗ್ ಗಂಧಗಾಳಿ ಇರಲಿಲ್ಲ. ಮಗಳು ಮಕ್ಕಳಿಗೆ ಕೋಡಿಂಗ್ ಕಲಿಸುವ ಸ್ಕ್ರ್ಯಾಚ್‌ನಲ್ಲಿ ಬೆಕ್ಕನ್ನು ಓಡಾಡಿಸುವುದನ್ನು ನೋಡಿ ನನಗೂ ಗೇಮ್ ಮಾಡುವ ಹುಚ್ಚು ಹಿಡಿಯಿತು. ನಾಲ್ಕು ತಿಂಗಳಿಂದ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕೂರುತ್ತಿದ್ದೇನೆ. ಎಲ್ಲಾ ಉಚಿತ ಪಾಠಗಳೇ.

ಮೊದಲು ಗೇಮ್ ತಯಾರಿಸುವ ಸಾಫ್ಟ್‌ವೇರ್ ಯೂನಿಟಿಯ ಪಾಠಗಳಾದ ಯೂನಿಟಿ ಲರ್ನ್ ಹಿಡಿದೆ. ಅದರ ಕೋಡಿಂಗ್ ಭಾಷೆ ಸಿ ಶಾರ್ಪ್ ಸ್ವಲ್ಪ ತಲೆಗೆ ಹೋಗುವಷ್ಟರಲ್ಲಿ ಯಾರೋ ಗೋಡೋ ಅನ್ನೋ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಸುಲಭ ಅಂದರು, ಅಲ್ಲಿಗೆ ಹಾರಿದೆ. ಆಮೇಲೆ ಹಾರ್ವರ್ಡ್‌ನ ಸಿಎಸ್50 ಗೇಮ್ ಕೋರ್ಸಿನ ಎರಡು ಪಾಠ. ಈಗ ಮತ್ತೆ ಗೋಡೋ. ವಿಡಿಯೋ ನೋಡಿಕೊಂಡು ಟೈಪ್ ಮಾಡಿದರೆ ಗೇಮ್ ಓಡುತ್ತೆ. ವಿಡಿಯೋ ಮುಚ್ಚಿದರೆ ಮೊದಲ ಸಾಲೇ ಹೊಳೆಯಲ್ಲ.

ಹೇಗೋ ಪಾಂಗ್ (ಎರಡು ಬ್ಯಾಟ್‌ಗಳ ನಡುವೆ ಚೆಂಡು ಪುಟಿಯುವ ಹಳೇ ಗೇಮ್) ಥರದ್ದೊಂದು ಮಾಡಿದೆ. ಅದರಲ್ಲೂ ಎರಡು ತಲೆನೋವು. ಪಾಠದಲ್ಲಿ ಕೈನಮ್ಯಾಟಿಕ್‌ಬಾಡಿ ಟೂಡಿ ಅನ್ನೋ ಭಾಗ ಸೇರಿಸಿ ಅಂತಾರೆ, ನನ್ನ ಗೋಡೋದಲ್ಲಿ ಎಷ್ಟು ಹುಡುಕಿದರೂ ಅದು ಇಲ್ಲ. ಇನ್ನೊಂದು, ನನ್ನ ಲ್ಯಾಪ್‌ಟಾಪ್‌ನಲ್ಲಿ ಹದವಾದ ವೇಗದಲ್ಲಿ ಹೋಗುವ ಚೆಂಡು ತಮ್ಮನ ಕಂಪ್ಯೂಟರ್‌ನಲ್ಲಿ ಬಾಣದ ಹಾಗೆ ಹೋಯ್ತು. ಅವನದು 144 ಹರ್ಟ್ಸ್ ಮಾನಿಟರ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು. ಅವನು ಬಿದ್ದು ಬಿದ್ದು ನಕ್ಕ. ಯಾವ ಪಾಠ ಹಿಡಿದರೆ ನಾನು ದಡ ಸೇರುತ್ತೇನೆ ಹೇಳಿ.

ಹಳೇ_ಜಾಯ್‌ಸ್ಟಿಕ್:
ಸರ್, ಮೊದಲನೆಯದು ನಿಮ್ಮ ತಪ್ಪಲ್ಲ. ನೀವು ನೋಡುತ್ತಿರುವುದು ಗೋಡೋ 3ರ ಪಾಠ. 2023ರಲ್ಲಿ ಗೋಡೋ 4 ಬಂದಾಗ ಅದರ ಹೆಸರು ಕ್ಯಾರೆಕ್ಟರ್‌ಬಾಡಿ ಟೂಡಿ ಅಂತ ಬದಲಾಯಿತು. ಉಚಿತ ಪಾಠಗಳ ದೊಡ್ಡ ಕಾಟ ಇದೇ. ಹಳೆಯದನ್ನು ಯಾರೂ ತೆಗೆದುಹಾಕಲ್ಲ, ಹುಡುಕಿದರೆ ಅದೇ ಮೇಲೆ ಬರುತ್ತೆ. ಪ್ಲೇ ಒತ್ತುವ ಮುಂಚೆ ಯಾವ ವರ್ಷನ್ ಅಂತ ನೋಡಿ. ಇಲ್ಲಾಂದ್ರೆ ಗೋಡೋದ ಸ್ವಂತ ಡಾಕ್ಯುಮೆಂಟೇಶನ್‌ನಲ್ಲೇ ‘ನಿಮ್ಮ ಮೊದಲ 2ಡಿ ಗೇಮ್’ ಅನ್ನೋ ಪಾಠ ಇದೆ. ಅಲ್ಲಿ ವರ್ಷನ್ ಆರಿಸಿಕೊಂಡು ಓದಬಹುದು.

ಚೆಂಡಿನ ವಿಷಯ. ನೀವು ಪ್ರೋಸೆಸ್ ಫಂಕ್ಷನ್ ಒಳಗೆ ಚೆಂಡಿನ ಪೊಸಿಷನ್‌ಗೆ 4 ಪಿಕ್ಸೆಲ್‌ನಂಥದ್ದೇನೋ ಕೂಡಿಸುತ್ತಿದ್ದೀರಿ, ಅಲ್ವಾ? ಆ ಫಂಕ್ಷನ್ ಪ್ರತಿ ಫ್ರೇಮಿಗೆ, ಅಂದರೆ ಪರದೆಯ ಪ್ರತಿ ಹೊಸ ಚಿತ್ರಕ್ಕೆ, ಒಂದು ಸಲ ಓಡುತ್ತದೆ. ನಿಮ್ಮಲ್ಲಿ ಸೆಕೆಂಡಿಗೆ 60 ಸಲ, ಅಂದರೆ 240 ಪಿಕ್ಸೆಲ್. ತಮ್ಮನಲ್ಲಿ 144 ಸಲ, 576 ಪಿಕ್ಸೆಲ್. ನಗದೆ ಇನ್ನೇನು ಮಾಡುತ್ತಾನೆ! ಫಂಕ್ಷನ್ ಜೊತೆಗೇ ಡೆಲ್ಟಾ ಅಂತ ಒಂದು ಬರುತ್ತಲ್ಲ, ಅದು ಹಿಂದಿನ ಫ್ರೇಮ್‌ನಿಂದ ಇಲ್ಲಿವರೆಗೆ ಎಷ್ಟು ಸೆಕೆಂಡ್ ಆಯ್ತು ಅನ್ನೋ ಲೆಕ್ಕ. 4ರ ಬದಲು 240 ಇಂಟು ಡೆಲ್ಟಾ ಅಂತ ಬರೆಯಿರಿ. ಎರಡೂ ಕಡೆ ಒಂದೇ ವೇಗ.

ಆದರೆ ಕ್ಯಾರೆಕ್ಟರ್‌ಬಾಡಿಯನ್ನು ಸರಿಸುವ ಮೂವ್ ಅಂಡ್ ಸ್ಲೈಡ್ ಫಂಕ್ಷನ್ ಬಳಸುವಾಗ ವೆಲಾಸಿಟಿಯನ್ನು (ವೇಗವನ್ನು) ಡೆಲ್ಟಾದಿಂದ ಗುಣಿಸಬೇಡಿ, ಅದು ಒಳಗೇ ಗುಣಿಸಿಕೊಳ್ಳುತ್ತೆ. ನಾನು ಎರಡೆರಡು ಸಲ ಗುಣಿಸಿ, ನನ್ನ ಹೀರೋ ಯಾಕೆ ನಿಂತಲ್ಲೇ ನಿಂತಿದ್ದಾನೆ ಅಂತ ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಅರೆನಿದ್ದೆ_ಕೋಡರ್:
ಯೂನಿಟಿ ಬಿಟ್ಟಿದ್ದು ಒಳ್ಳೇದಾಯ್ತು ಬಿಡಿ. 2023ರಲ್ಲಿ ಇನ್‌ಸ್ಟಾಲ್ ಲೆಕ್ಕದಲ್ಲಿ ದುಡ್ಡು ಕೇಳುತ್ತೇವೆ ಅಂದವರು ಅವರು.

ಹಳೇ_ಜಾಯ್‌ಸ್ಟಿಕ್:
ಮಾರನೇ ವರ್ಷ ಅದನ್ನು ಕೈಬಿಟ್ಟರಲ್ಲ. ಚೆಂಡು ಪುಟಿಸುವುದನ್ನು ಕಲಿಯುತ್ತಿರುವವರಿಗೆ ಆ ಜಗಳ ಯಾಕೆ?

ಎರಡನೇ_ಲೈಫ್:
ನನ್ನ ಪ್ರಕಾರ ನಿಮಗೆ ಪಾಠ ಕಮ್ಮಿಯಾಗಿಲ್ಲ, ಜಾಸ್ತಿಯಾಗಿದೆ. ನಾನೂ ಇದೇ ಹಳ್ಳದಲ್ಲಿ ಬಿದ್ದಿದ್ದೆ. ಎದ್ದು ಬಂದದ್ದು ನೀವು ಎರಡೇ ಪಾಠಕ್ಕೆ ಬಿಟ್ಟ ಆ ಸಿಎಸ್50 ಕೋರ್ಸಿನಿಂದಲೇ. ಅದು ಬಹುಪಾಲು ಲುವಾ ಭಾಷೆಯಲ್ಲಿದೆ, ಪ್ರೋಗ್ರಾಮಿಂಗ್ ಸ್ವಲ್ಪ ಗೊತ್ತಿದೆ ಅಂತಲೇ ಶುರು ಮಾಡುತ್ತಾರೆ. ಹಾಗಾಗಿ ನಿಮಗೆ ಕಷ್ಟ ಆಗಿರುತ್ತೆ. ಆದರೆ ಅವರ ಕೋಡ್ ಇಟ್ಟಿರುವ ರೀತಿ ನೋಡಿ. ಪಾಂಗ್ ಒಂದೇ ಗೇಮಿಗೆ ಪಾಂಗ್-0, ಪಾಂಗ್-1 ಅಂತ ಸಾಲಾಗಿ ಫೋಲ್ಡರ್‌ಗಳು. ಒಂದೊಂದರಲ್ಲಿ ಒಂದೊಂದೇ ಹೊಸ ವಿಷಯ.

ನಾನು ಮಾಡಿದ್ದು ಇಷ್ಟೇ. ಒಂದು ಫೋಲ್ಡರ್ ತೆರೆಯುವುದು, ಮುಂದಿನದರಲ್ಲಿ ಏನು ಸೇರುತ್ತೆ ಅಂತ ಮಾತ್ರ ತಿಳಿದುಕೊಳ್ಳುವುದು, ಅದನ್ನು ನೋಡದೆ ನಾನೇ ಬರೆಯುವುದು. ಬ್ಯಾಟ್ ಪರದೆಯ ಆಚೆ ಹೋಗದ ಹಾಗೆ ತಡೆಯೋಕೇ ನನಗೆ ಎರಡು ಸಂಜೆ ಹಿಡಿಯಿತು. ಅವರದು ಒಂದೇ ಸಾಲು, ನನ್ನದು ಹನ್ನೊಂದು ಸಾಲಿನ ಇಫ್‌ಗಳ ಸಂತೆ. ಆದರೂ ನನ್ನದು ಓಡಿತು.

ಭಾಷೆಯೇ ತೊಡಕಾದರೆ ಗೋಡೋದ ಸ್ವಂತ ಭಾಷೆ ಜಿಡಿಸ್ಕ್ರಿಪ್ಟ್ ಬಗ್ಗೆ ಜಿಡಿಕ್ವೆಸ್ಟ್‌ನವರ ಪಾಠ ನೋಡಿ. ಬ್ರೌಸರ್‌ನಲ್ಲೇ ಓಡುತ್ತೆ, ಉಚಿತ. ಅಲ್ಲಿ ನೋಡುತ್ತಾ ಕೂರುವ ಹಾಗಿಲ್ಲ, ಅವರು ಕೊಟ್ಟ ಲೆಕ್ಕವನ್ನು ಬರೆದು ಓಡಿಸಿ ತೋರಿಸಬೇಕು.

ಸೊನ್ನೆಯಿಂದ_ಶುರು:
ಎಲ್ಲರಿಗೂ ಥ್ಯಾಂಕ್ಸ್. ಡೆಲ್ಟಾ ಹಾಕಿದೆ, ತಮ್ಮನ ಬಾಯಿ ಬಂದ್ ಆಯ್ತು. ನಿನ್ನೆ ಯಾವ ವಿಡಿಯೋನೂ ತೆರೆಯದೆ ಖಾಲಿ ಪ್ರಾಜೆಕ್ಟ್‌ನಲ್ಲಿ ಕೂತೆ. ಒಂದೂವರೆ ಗಂಟೆಗೆ ಒಂದು ಬಿಳಿ ಚೌಕ, ಬಾಣದ ಕೀಲಿ ಒತ್ತಿದರೆ ಅತ್ತ ಇತ್ತ ಸರಿಯುತ್ತೆ, ಅಷ್ಟೇ. ಮಗಳನ್ನು ಕರೆದು ತೋರಿಸಿದೆ. ಸುಮ್ನೆ ನೋಡಿದಳು. ಆಮೇಲೆ ಕೇಳಿದಳು: “ಅಪ್ಪಾ, ಬೆಕ್ಕು ಎಲ್ಲಿ?”