ವಿಟಮಿನ್ ಸಿ ಜೊತೆ ಕಾಪರ್ ಪೆಪ್ಟೈಡ್ ಹಚ್ಚಬಹುದಾ?

ಮಂಜುಹನಿ:
ನನ್ನ ಹತ್ತಿರ 15% ವಿಟಮಿನ್ ಸಿ ಸೀರಮ್ ಇದೆ, ಲೇಬಲ್ ಮೇಲೆ ಎಲ್-ಆಸ್ಕಾರ್ಬಿಕ್ ಆಸಿಡ್ ಅಂತಿದೆ. ಈಗ ನೀಲಿ ಬಣ್ಣದ ಕಾಪರ್ ಪೆಪ್ಟೈಡ್ ಸೀರಮ್ ಕೂಡ ತಂದಿದ್ದೇನೆ, ಇನ್ನೂ ತೆರೆದಿಲ್ಲ. ಒಂದರ ಮೇಲೊಂದು ಹಚ್ಚಿದರೆ ಚರ್ಮ ಸುಡುತ್ತದೆ ಅಂತ ಕೆಲವರು, ಏನೂ ಆಗಲ್ಲ ಅಂತ ಇನ್ನು ಕೆಲವರು. ಯಾರನ್ನು ನಂಬೋದು? ನನ್ನ ಮುಖ ಬೇಗ ಕೆಂಪಾಗುತ್ತದೆ.

ನೀಲಿಶೀಶೆ:
ಸುಡುವುದಕ್ಕಿಂತ ಎರಡೂ ದಂಡವಾಗುವ ಚಿಂತೆಯೇ ಜಾಸ್ತಿ. ಆಸ್ಕಾರ್ಬಿಕ್ ಆಸಿಡ್ ಚರ್ಮದೊಳಗೆ ಇಳಿಯಬೇಕಾದರೆ ಸೀರಮ್‌ನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 3.5ಕ್ಕಿಂತ ಕೆಳಗಿರಬೇಕು. ಕಾಪರ್ ಪೆಪ್ಟೈಡ್ ಅಂದರೆ ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಎಂಬ ಮೂರು ಅಮೈನೋ ಆಮ್ಲಗಳು ಸೇರಿ ತಾಮ್ರವನ್ನು ಹಿಡಿದುಕೊಂಡಿರುವುದು, ಅಷ್ಟು ಹುಳಿಯಲ್ಲಿ ಆ ಹಿಡಿತ ಸಡಿಲವಾಗುತ್ತದೆ. ಬಿಡಿಸಿಕೊಂಡ ತಾಮ್ರ ವಿಟಮಿನ್ ಸಿಯನ್ನು ಬೇಗ ಆಕ್ಸಿಡೈಸ್ ಮಾಡುತ್ತದೆ, ಅಂದರೆ ಆಮ್ಲಜನಕದ ಜೊತೆ ಸೇರಿಸಿ ಕೆಡಿಸುತ್ತದೆ, ಅದಕ್ಕೆ ಚೂರೇ ಚೂರು ತಾಮ್ರ ಸಾಕು. ಆಗ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತದೆ. ಹೀಗೆ ಆಕ್ಸಿಡೈಸ್ ಆಗುವುದನ್ನು ತಡೆಯಲಿ ಎಂದು ಆಂಟಿಆಕ್ಸಿಡೆಂಟ್ ಅಂತ ಹಚ್ಚಿದ್ದು ಉಲ್ಟಾ ಕೆಲಸ ಮಾಡಿದ ಹಾಗಾಯಿತು, ಅಲ್ವಾ?

ಬೆಳಿಗ್ಗೆ ವಿಟಮಿನ್ ಸಿ, ಮೇಲೆ ಸನ್‌ಸ್ಕ್ರೀನ್. ರಾತ್ರಿ ಮುಖ ತೊಳೆದು ಕಾಪರ್ ಪೆಪ್ಟೈಡ್.

ಮುಸ್ಸಂಜೆ:
ನಡುವೆ 10 ನಿಮಿಷ ಬಿಟ್ಟರೆ ಸಾಕಲ್ವಾ?

ನೀಲಿಶೀಶೆ:
ನಾನಂತೂ ಅದನ್ನು ನೆಚ್ಚಿಕೊಳ್ಳುವುದಿಲ್ಲ. ಸೀರಮ್ ಒಣಗಿದ ಹಾಗೆ ಕಂಡರೂ ಆಸಿಡ್ ಎಲ್ಲಿಗೂ ಹೋಗಿರುವುದಿಲ್ಲ, ಚರ್ಮದ ಮೇಲ್ಪದರದಲ್ಲೇ ಇರುತ್ತದೆ.

ಲೇಬಲ್ ಓದುಗ:
ಒಂದು ಮಾತು ಸೇರಿಸುತ್ತೇನೆ. ಈ ತಕರಾರು ಎಲ್ಲ ಆಂಟಿಆಕ್ಸಿಡೆಂಟ್‌ಗಳದ್ದೂ ಅಲ್ಲ. ನಿಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಕಾಪರ್ ಪೆಪ್ಟೈಡ್ ಜೊತೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ, ಒಂದೇ ಬಾಟಲಿಯಲ್ಲೂ ಸಿಗುತ್ತದೆ. ಎಣ್ಣೆಯಲ್ಲಿ ಕರಗುವ ಟೆಟ್ರಾಹೆಕ್ಸೈಲ್‌ಡೆಸಿಲ್ ಆಸ್ಕಾರ್ಬೇಟ್‌ನಂಥ ವಿಟಮಿನ್ ಸಿಗೆ ಅಷ್ಟೊಂದು ಹುಳಿ ಬೇಕಿಲ್ಲ, ಹಾಗಾಗಿ ಜಗಳ ಕಡಿಮೆ. ಆದರೆ ಸತ್ತ ಚರ್ಮ ಉದುರಿಸುವ ಗ್ಲೈಕೋಲಿಕ್ ಆಸಿಡ್ ಹಚ್ಚುವ ರಾತ್ರಿ ಕಾಪರ್ ಬೇಡ, ಅಲ್ಲೂ ಇದೇ ಪಿಎಚ್ ತೊಂದರೆ.

ವಿಟಮಿನ್ ಸಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿದ್ದದ್ದು ಕಂದು ಬಣ್ಣಕ್ಕೆ ತಿರುಗಿದ್ದರೆ ಕಾಪರ್ ಇರಲಿ ಬಿಡಲಿ, ಅದರ ಕಥೆ ಮುಗಿದಿದೆ.

ಮಂಜುಹನಿ:
ತುಂಬಾ ಥ್ಯಾಂಕ್ಸ್! ಎರಡನ್ನೂ ಇವತ್ತೇ ಶುರು ಮಾಡಬಹುದಾ?

ಲೇಬಲ್ ಓದುಗ:
ಬೇಡ. ವಿಟಮಿನ್ ಸಿ ಒಗ್ಗಿದೆ ಅಂತ ಗೊತ್ತಾದ ಮೇಲೆ ಇನ್ನೊಂದನ್ನು ಮೊದಲು ಕಿವಿಯ ಹಿಂದೆ ಕೆಲವು ದಿನ ಹಚ್ಚಿ ನೋಡಿ. ಒಟ್ಟಿಗೆ ಶುರು ಮಾಡಿ ಮುಖ ಕೆಂಪಾದರೆ ಯಾವುದರಿಂದ ಅಂತ ತಿಳಿಯುವುದೇ ಇಲ್ಲ. ಉರಿ ನಿಲ್ಲದಿದ್ದರೆ ಎರಡನ್ನೂ ಬಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ.