ಹುಲಿಗೆ ಹೊರಗಿನ ರಕ್ತ ಬೇಕು, ನಾಟಿ ದನಕ್ಕೆ ಬೇಡ ಎನ್ನುವುದು ಹೇಗೆ?

ಪ್ರಶ್ನೆ: ಹಳ್ಳಿಕಾರ್ ಸಾಕಣೆಗಾರ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಾತನ ಕಾಲದಿಂದಲೂ ಹಳ್ಳಿಕಾರ್ ದನಗಳನ್ನೇ ಕಟ್ಟುತ್ತಾ ಬಂದಿದ್ದೇವೆ. ಸೀಮೆ ಹೋರಿಯ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದರೆ ತಳಿ ಕೆಡುತ್ತದೆ, ಹಳ್ಳಿಕಾರ್ ಹಸುವಿಗೆ ಹಳ್ಳಿಕಾರ್ ಹೋರಿಯನ್ನೇ ಕೊಡಿಸಬೇಕು ಎಂದು ತಳಿ ಸಂರಕ್ಷಣೆಯ ಸಭೆಗಳಲ್ಲಿ ಹೇಳುತ್ತಾರೆ. ನಾನೂ ಅದನ್ನೇ ನಂಬಿ ನಡೆದಿದ್ದೇನೆ. ಆದರೆ 2024ರ ಕೊನೆಯಲ್ಲಿ ಒಡಿಶಾದ ಸಿಮಿಲಿಪಾಲ್ ಕಾಡಿಗೆ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ ಮತ್ತು ಝೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ತಂದು ಬಿಟ್ಟರು. ಅಲ್ಲಿಯ ಹುಲಿಗಳಿಗೆ ಹೊಸ ರಕ್ತ ಬೇಕಾಗಿದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಕಾಡಿನಲ್ಲಿ ಉಳಿಸುವ ಉಪಾಯವಾದದ್ದು ಕೊಟ್ಟಿಗೆಯಲ್ಲಿ ಕೆಡಿಸುವ ಕೆಲಸವಾಗುವುದು ಹೇಗೆ? ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ನಮ್ಮ ಸುತ್ತಲಿನ ಊರುಗಳಲ್ಲಿ ಹೆಸರುವಾಸಿಯಾದ ಒಂದೇ ಬೀಜದ ಹೋರಿಯಿಂದ ಬಹುಪಾಲು ಕರುಗಳು ಹುಟ್ಟುತ್ತಿವೆ. ಇದರಿಂದ ಮುಂದೆ ತೊಂದರೆ ಇದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ವನ್ಯಜೀವಿ ತಳಿವಿಜ್ಞಾನದ ಸಂಶೋಧಕಿ, ಬೆಂಗಳೂರು

ಮೊದಲು ಸಿಮಿಲಿಪಾಲ್‌ನ ವಿಷಯವನ್ನೇ ನೋಡೋಣ. ಅಲ್ಲಿ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡು ಮೈಯೆಲ್ಲ ಕಪ್ಪಾಗಿ ಕಾಣುವ ಹುಲಿಗಳಿವೆ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯ ಉಮಾ ರಾಮಕೃಷ್ಣನ್ ಅವರ ತಂಡವು 2021ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಟ್ಯಾಕ್‌ಪೆಪ್ ಎಂಬ ಒಂದೇ ಜೀನ್‌ನಲ್ಲಿ ಆದ ಒಂದು ಸಣ್ಣ ಬದಲಾವಣೆ ಕಾರಣವೆಂದು ತೋರಿಸಿತು. ಇದೇ ಜೀನ್‌ನ ಬೇರೆ ಬದಲಾವಣೆಗಳು ಸಾಕು ಬೆಕ್ಕಿನ ಮೈಮೇಲಿನ ಸುರುಳಿ ಮಚ್ಚೆಗಳಿಗೂ ಆಫ್ರಿಕಾದ ‘ಕಿಂಗ್ ಚೀತಾ’ದ ದಪ್ಪ ಪಟ್ಟೆಗಳಿಗೂ ಕಾರಣವಾಗಿವೆ. ಪ್ರತಿಯೊಂದು ಜೀನ್‌ಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡು ಪ್ರತಿಗಳಿರುತ್ತವೆ; ಇಬ್ಬರಿಂದಲೂ ಬದಲಾದ ಪ್ರತಿಯೇ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ಸಿಮಿಲಿಪಾಲ್‌ನಲ್ಲಿ ಈ ಪ್ರತಿಯ ಪ್ರಮಾಣ ಸುಮಾರು 0.58 (ನೂರು ಪ್ರತಿಗಳಲ್ಲಿ 58) ಇತ್ತು, ಅದನ್ನು ಅದರಿಂದಲೇ ಗುಣಿಸಿದರೆ ಸುಮಾರು ಮೂರರಲ್ಲಿ ಒಂದು ಹುಲಿ ಕಪ್ಪಾಗಿರುವುದು ಸಹಜವೆಂದು ಲೆಕ್ಕ ಸಿಗುತ್ತದೆ. ದೇಶದ ಬೇರೆ ಕಾಡುಗಳಿಂದ ಪರೀಕ್ಷಿಸಿದ ಹುಲಿಗಳಲ್ಲಿ ಈ ಪ್ರತಿ ಕಾಣಿಸಲಿಲ್ಲ.

ಕಪ್ಪು ಬಣ್ಣವೇ ಒಂದು ರೋಗವೆಂದು ಯಾರೂ ಭಾವಿಸಬಾರದು. ಅದು ಕಣ್ಣಿಗೆ ಕಾಣುವ ಒಂದು ಸುಳಿವು ಮಾತ್ರ. ಕೆಲವೇ ಹುಲಿಗಳು ಹೊರಗಿನ ಸಂಪರ್ಕವಿಲ್ಲದೆ ತಲೆಮಾರುಗಳ ಕಾಲ ತಮ್ಮೊಳಗೇ ಕೂಡಿದಾಗ, ಯಾವ ಪ್ರತಿ ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಗುಣಕ್ಕಿಂತ ಹೆಚ್ಚಾಗಿ ಆಕಸ್ಮಿಕವೇ ನಿರ್ಧರಿಸುತ್ತದೆ. ಬಣ್ಣದ ಜೀನ್‌ಗೆ ಆದದ್ದು ಹೃದಯದ, ಸಂತಾನಶಕ್ತಿಯ, ರೋಗನಿರೋಧದ ಜೀನ್‌ಗಳಿಗೂ ಆಗಬಹುದು, ಮತ್ತು ಅದು ಹೊರಗೆ ಕಾಣುವುದಿಲ್ಲ. ಅದೇ ವರ್ಷ ಇದೇ ತಂಡವು ರಾಜಸ್ಥಾನದ ರಣಥಂಬೋರ್ ಹುಲಿಗಳ ಜೀನೋಮ್‌ಗಳನ್ನು (ಇಡೀ ಜೀನ್ ಸರಣಿಗಳನ್ನು) ಮಧ್ಯಭಾರತದ ದೊಡ್ಡ ಸಮುದಾಯದ ಹುಲಿಗಳೊಂದಿಗೆ ಹೋಲಿಸಿತು. ಪ್ರತ್ಯೇಕವಾಗಿ ಉಳಿದ ಸಣ್ಣ ಸಮುದಾಯದಲ್ಲಿ ಕೆಲವು ತೀವ್ರ ಹಾನಿಕರ ಬದಲಾವಣೆಗಳು ಕಾಲಕ್ರಮೇಣ ತೊಳೆದುಹೋಗಿದ್ದವು. ಆದರೆ ಉಳಿದವು ಎರಡೂ ಪ್ರತಿಗಳಲ್ಲಿ ಗಟ್ಟಿಯಾಗಿ ಕೂತಿದ್ದವು. ‘ಸಣ್ಣ ಗುಂಪು ತನ್ನ ದೋಷವನ್ನು ತಾನೇ ಕಳೆದುಕೊಳ್ಳುತ್ತದೆ’ ಎಂಬ ವಾದವನ್ನು ಕೇಳಿದವರು ಈ ಎರಡನೆಯ ಅರ್ಧವನ್ನೂ ತಿಳಿದಿರಬೇಕು.

ಇಂತಹ ಅಧ್ಯಯನಕ್ಕೆ ಹುಲಿಯನ್ನು ಹಿಡಿಯಲೇಬೇಕೆಂದಿಲ್ಲ ಎಂಬುದನ್ನೂ ಹೇಳಬೇಕು. ದಾರಿಯ ಮೇಲಿನ ತಾಜಾ ಮಲದ ಹೊರಮೈಯಲ್ಲಿ ಅಂಟಂಟಾಗಿ ಹೊಳೆಯುವ ಪದರದಲ್ಲಿ ಕರುಳಿನ ಜೀವಕೋಶಗಳಿರುತ್ತವೆ. ಹತ್ತಿಯ ಕಡ್ಡಿಯಿಂದ ಆ ಪದರವನ್ನಷ್ಟೇ ಒರೆಸಿ ತೆಗೆಯುತ್ತೇವೆ. ಬಿಸಿಲು ಮಳೆಗೆ ಸಿಕ್ಕ ಮಾದರಿಯಲ್ಲಿ ಎರಡು ಪ್ರತಿಗಳ ಪೈಕಿ ಒಂದು ಓದಿಗೆ ಸಿಗದೆ, ಪ್ರಾಣಿಯು ಇದ್ದದ್ದಕ್ಕಿಂತ ಹೆಚ್ಚು ರಕ್ತಸಂಬಂಧದ್ದೆಂದು ತಪ್ಪಾಗಿ ತೋರುವ ಅಪಾಯವಿದೆ. ಆದ್ದರಿಂದಲೇ ಒಂದೇ ಮಾದರಿಯನ್ನು ಮತ್ತೆ ಮತ್ತೆ ಓದುವುದು ಕಡ್ಡಾಯ.

ಉತ್ತರ: ಪಶುವೈದ್ಯ, ಚಿಕ್ಕಮಗಳೂರು ಜಿಲ್ಲೆ

ಪ್ರಶ್ನೆ ಕೇಳಿದವರ ಗೊಂದಲ ನ್ಯಾಯವಾದದ್ದು. ಉತ್ತರವಿರುವುದು ಹೊರಗಿನ ರಕ್ತ ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ ಎಂಬುದರಲ್ಲಿ. ತಾಡೋಬಾದ ಹುಲಿಯೂ ಸಿಮಿಲಿಪಾಲ್‌ನ ಹುಲಿಯೂ ಒಂದೇ ಬಂಗಾಳ ಹುಲಿಯ ಬಳಗದವು. ಅಮೆರಿಕದ ಫ್ಲೋರಿಡಾದಲ್ಲಿ ಪ್ಯಾಂಥರ್ ಎಂದು ಕರೆಯುವ ಪ್ಯೂಮಾಗಳು 20–30ಕ್ಕೆ ಇಳಿದು, ಬಾಲ ಸೊಟ್ಟಗಾಗಿ, ವೃಷಣ ಇಳಿಯದೆ, ಹೃದಯದಲ್ಲಿ ರಂಧ್ರವಿರುವ ಮರಿಗಳು ಹುಟ್ಟುತ್ತಿದ್ದಾಗ, 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಅವುಗಳಲ್ಲಿ ಐದು ಮರಿ ಹಾಕಿದವು; ಸಂಖ್ಯೆ ಚೇತರಿಸಿಕೊಂಡಿತು, ದೋಷಗಳು ಕಡಿಮೆಯಾದವು. ಗಮನಿಸಬೇಕಾದ ಸಂಗತಿಯೆಂದರೆ, ಟೆಕ್ಸಾಸ್‌ನ ರಕ್ತವೇ ಎಲ್ಲವನ್ನೂ ಮುಳುಗಿಸಬಾರದೆಂದು, ಬದುಕಿ ಉಳಿದಿದ್ದ ಆ ಹೆಣ್ಣುಗಳನ್ನು 2003ರ ಹೊತ್ತಿಗೆ ಅಲ್ಲಿಂದ ಹಿಂದಕ್ಕೆ ತೆಗೆದರು.

ಈಗ ಸೀಮೆ ಹೋರಿಯ ಲೆಕ್ಕ ನೋಡಿ. ಹಳ್ಳಿಕಾರ್ ಹಸುವಿಗೆ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ಸೀಮೆ ತಳಿ) ಕೊಡಿಸಿದರೆ ಹುಟ್ಟುವ ಕಡಸಿನಲ್ಲಿ ಅರ್ಧ ಎಚ್.ಎಫ್.; ಅದಕ್ಕೆ ಮತ್ತೆ ಎಚ್.ಎಫ್. ಕೊಡಿಸಿದರೆ ಶೇ 75. ಮೂರನೆಯ ತಲೆಮಾರಿಗೆ ಶೇ 87.5. ಉಳುಮೆಗೆ, ಬಿಸಿಲಿಗೆ, ಬರಕ್ಕೆ ಒಗ್ಗಿ ಬಂದ ಜೀನ್‌ಗಳು ಮೂರೇ ತಲೆಮಾರಿನಲ್ಲಿ ಎಂಟರಲ್ಲೊಂದು ಪಾಲಾಗುತ್ತವೆ. ಇದು ತಳಿಯ ಚೇತರಿಕೆಯಲ್ಲ, ತಳಿಯನ್ನು ಬದಲಿಸುವ ಕೆಲಸ. ಹಾಲಿಗಾಗಿ ಮಿಶ್ರತಳಿ ಸಾಕುವವರನ್ನು ನಾನು ಆಕ್ಷೇಪಿಸುವುದಿಲ್ಲ, ಅದು ಅವರ ಜೀವನೋಪಾಯ. ಆದರೆ ಅದನ್ನು ಹುಲಿಯ ಉದಾಹರಣೆಯಿಂದ ಸಮರ್ಥಿಸಲು ಬರುವುದಿಲ್ಲ.

ತಮ್ಮ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯವೆನಿಸಿತು. ತಳಿವಿಜ್ಞಾನದಲ್ಲಿ ‘ಪರಿಣಾಮಕಾರಿ ಸಂಖ್ಯೆ’ ಎಂಬ ಅಳತೆಯಿದೆ: ಗಂಡು ಮತ್ತು ಹೆಣ್ಣಿನ ಸಂಖ್ಯೆಗಳನ್ನು ಗುಣಿಸಿ, ಅದನ್ನು ಮತ್ತೆ ನಾಲ್ಕರಿಂದ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಬೇಕು. ಮುನ್ನೂರು ಹಸುಗಳಿಗೆ ಮೂರೇ ಹೋರಿಗಳಿದ್ದರೆ ಉತ್ತರ ಸುಮಾರು 12. ಅಂದರೆ ಆ 303 ದನಗಳ ಹಿಂಡು, ಗಂಡು ಹೆಣ್ಣು ಸಮಾನವಾಗಿರುವ 12 ದನಗಳ ಹಿಂಡಿನಷ್ಟೇ ವೇಗವಾಗಿ ವೈವಿಧ್ಯವನ್ನು ಕಳೆದುಕೊಳ್ಳುತ್ತದೆ. ಪ್ರತಿ ತಲೆಮಾರಿಗೆ ಸುಮಾರು ಶೇ 4. ಹಸುಗಳನ್ನು ಆರುನೂರಕ್ಕೆ ಏರಿಸಿದರೂ ಈ ಸಂಖ್ಯೆ ಅಲುಗಾಡುವುದಿಲ್ಲ, ಹೋರಿಗಳನ್ನು ಆರಕ್ಕೆ ಏರಿಸಿದರೆ ದುಪ್ಪಟ್ಟಾಗುತ್ತದೆ. ಜಾತ್ರೆಯಲ್ಲಿ ಸಾವಿರಾರು ದನ ಕಂಡಾಗ ತಳಿ ಸುರಕ್ಷಿತವೆಂದು ನಮಗೆಲ್ಲ ಸಮಾಧಾನವಾಗುತ್ತದೆ, ಆದರೆ ಎಣಿಸಬೇಕಾದದ್ದು ಅವುಗಳ ತಂದೆಯರನ್ನು.

ಉತ್ತರ: ತೋಳಗಳ ಅಧ್ಯಯನದಲ್ಲಿರುವವನು, ಕೊಪ್ಪಳ

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ. ಸಾಕುಪ್ರಾಣಿಯ ರಕ್ತ ಕಾಡಿಗೆ ಸೇರುವ ಮೂರನೆಯ ಸಂದರ್ಭವನ್ನೂ ಇಲ್ಲಿ ಸೇರಿಸಬೇಕು. ಭಾರತದ ಬಯಲಿನ ತೋಳವು ಜಗತ್ತಿನ ಬೂದು ತೋಳಗಳಲ್ಲಿ ಅತ್ಯಂತ ಪ್ರಾಚೀನವಾದ ಕವಲುಗಳಲ್ಲೊಂದು ಎಂದು ಜೀನೋಮ್ ಅಧ್ಯಯನಗಳು ಹೇಳುತ್ತವೆ. ನಮ್ಮ ಕೊಪ್ಪಳ ಜಿಲ್ಲೆಯ ಬಂಕಾಪುರದ ಸುತ್ತ ಇರುವ ತೋಳಗಳೂ ಕುರಿ ಮೇಯುವ ಕುರುಚಲು ಬಯಲಿನಲ್ಲೇ ಬದುಕುತ್ತವೆ, ಮತ್ತು ಅದೇ ಬಯಲಿನಲ್ಲಿ ಬೀದಿನಾಯಿಗಳೂ ಹೆಚ್ಚುತ್ತಿವೆ. ಪುಣೆಯ ಬಳಿ ವಿಚಿತ್ರ ಮೈಬಣ್ಣದಿಂದ ಅನುಮಾನ ಹುಟ್ಟಿಸಿದ ಒಂದು ಪ್ರಾಣಿಯ ಜೀನೋಮ್ ಓದಿದಾಗ, ಅದು ತೋಳ ಮತ್ತು ನಾಯಿಯ ಮಿಶ್ರಸಂತಾನವೆಂದು 2023ರಲ್ಲಿ ದೃಢಪಟ್ಟಿತು. ಸಂಖ್ಯೆ ಕಡಿಮೆಯಾಗಿ ಜೊತೆ ಸಿಗದ ತೋಳಕ್ಕೆ ನಾಯಿಯೇ ಜೊತೆಯಾಗುವ ಈ ಸ್ಥಿತಿ ನನ್ನನ್ನು ಬಹಳವಾಗಿ ಕಾಡುತ್ತದೆ. ಅಂತರ ಅಳಿದು ಹೋದ ಮೇಲೆ ಯಾವ ಪ್ರಯೋಗಾಲಯವೂ ಅದನ್ನು ಮರಳಿ ಕೊಡಲಾರದು.

ಹೊಸ ರಕ್ತದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪಕ್ಕೆ 1997ರಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಒಂದೇ ಒಂದು ಗಂಡು ತೋಳ ನಡೆದು ಬಂತು. ಮೊದಮೊದಲು ಹಿಂಡಿಗೆ ಅದರಿಂದ ಒಳಿತೇ ಆಯಿತು. ಆದರೆ ಕೆಲವೇ ತಲೆಮಾರುಗಳಲ್ಲಿ ಎಲ್ಲವೂ ಅದರ ವಂಶವೇ ಆಗಿ, 2016ರ ಹೊತ್ತಿಗೆ ದ್ವೀಪದಲ್ಲಿ ಎರಡೇ ತೋಳಗಳು ಉಳಿದವು. 2018ರಿಂದ ಹೊರಗಿನಿಂದ ಹೊಸ ತೋಳಗಳನ್ನು ತರಬೇಕಾಯಿತು. ಝೀನತ್ ಕೂಡ ಸಿಮಿಲಿಪಾಲ್ ಬಿಟ್ಟು ಜಾರ್ಖಂಡ್ ದಾಟಿ ಬಂಗಾಳಕ್ಕೆ ಹೋಗಿ, 2024ರ ಡಿಸೆಂಬರ್ 29ರಂದು ಬಾಂಕುರಾದಲ್ಲಿ ಅರಿವಳಿಕೆ ಕೊಡಿಸಿಕೊಂಡು ಹಿಂದಿರುಗಬೇಕಾಯಿತು. ಹುಲಿಗಳು ತಾವೇ ಹೋಗಿ ಬರುವಂತೆ ಕಾಡಿನ ದಾರಿಗಳನ್ನು ಉಳಿಸದೆ ಲಾರಿಯಲ್ಲಿ ಸಾಗಿಸುವುದೊಂದನ್ನೇ ನಂಬುವುದು ಸರಿಯಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಹಾಗಾದರೆ ನಾನು ಹಳ್ಳಿಕಾರ್ ತಳಿಯೊಳಗೇ, ಆದರೆ ಸಂಬಂಧವಿಲ್ಲದ ಹೋರಿಯನ್ನು ಹುಡುಕಬೇಕು ಎಂದಾಯಿತು. ಸಂಬಂಧವಿಲ್ಲ ಎಂದು ಮನೆಮಟ್ಟದಲ್ಲಿ ತಿಳಿಯುವುದು ಹೇಗೆ?

ಉತ್ತರ: ಪಶುವೈದ್ಯ, ಚಿಕ್ಕಮಗಳೂರು ಜಿಲ್ಲೆ

ಒಂದು ನೋಟ್‌ಪುಸ್ತಕ ಸಾಕು. ಪ್ರತಿ ಕರುವಿಗೂ ಹುಟ್ಟಿದ ದಿನ, ತಾಯಿ, ತಂದೆ, ತಾಯಿಯ ತಂದೆ ಇಷ್ಟನ್ನು ಬರೆದಿಡಿ. ಇಂಜೆಕ್ಷನ್ ಕೊಡಿಸಿದ್ದರೆ ವೀರ್ಯದ ಕಡ್ಡಿಯ ಮೇಲೆ ಅಚ್ಚಾಗಿರುವ ಹೋರಿಯ ಸಂಖ್ಯೆಯನ್ನೂ ಬರೆಯಿರಿ, ಏಕೆಂದರೆ ಕೆಲಸ ಮುಗಿದ ಕೂಡಲೇ ಆ ಕಡ್ಡಿಯನ್ನು ಎಸೆದುಬಿಡುವುದು ರೂಢಿ. ಹೋರಿಯನ್ನು ಅದರ ಮಗಳಿಗೇ ಕೊಡಿಸಿದರೆ ಕರುವಿನ ರಕ್ತಸಂಬಂಧದ ಪ್ರಮಾಣ ಶೇ 25, ಒಂದೇ ತಂದೆಯ, ಬೇರೆ ತಾಯಂದಿರ ಮಕ್ಕಳನ್ನು ಕೂಡಿಸಿದರೆ ಶೇ 12.5. ಇವೆರಡನ್ನು ತಪ್ಪಿಸಿದರೆ ದೊಡ್ಡ ಅಪಾಯ ಕಳೆಯುತ್ತದೆ. ಸಿದ್ಧಗಂಗೆಯ ಅಥವಾ ಘಾಟಿಯ ದನದ ಜಾತ್ರೆಗೆ ಹೋದಾಗ ಹೋರಿಯ ಕೊಂಬು, ನಡಿಗೆ, ಬೆಲೆಗಳ ಜೊತೆಗೆ ಅದರ ತಂದೆ ಯಾವ ಊರಿನದೆಂದೂ ಕೇಳಿ. ತಮ್ಮ ಸುತ್ತಲಿನ ಊರುಗಳ ಸಾಕಣೆಗಾರರು ಸೇರಿ ಬೇರೆ ಬೇರೆ ವಂಶದ ನಾಲ್ಕೈದು ಹೋರಿಗಳನ್ನು ಇಟ್ಟುಕೊಂಡು, ಎರಡು ಮೂರು ವರ್ಷಕ್ಕೊಮ್ಮೆ ಊರಿಂದ ಊರಿಗೆ ಬದಲಾಯಿಸಿಕೊಂಡರೆ, ಆ ಹೆಸರುವಾಸಿ ಹೋರಿಯನ್ನು ಬಿಡಬೇಕಾದ ಅಗತ್ಯವೂ ಇರುವುದಿಲ್ಲ.