ಅಪಘಾತದ ಸುತ್ತ ಜನ ಸೇರಿದರೂ ಯಾರೂ ಕೈಹಾಕುವುದಿಲ್ಲ, ಯಾಕೆ?

ಶಿಬಿರಾಧಿಕಾರಿ: ಎನ್‌ಎಸ್‌ಎಸ್ ಶಿಬಿರದಲ್ಲಿ ರಸ್ತೆ ಅಪಘಾತದ ಬಗ್ಗೆ ಒಂದು ಗಂಟೆಯ ತರಗತಿ ತೆಗೆದುಕೊಳ್ಳಬೇಕು. ಜನ ಮೊಬೈಲ್ ಹಿಡಿದು ನಿಲ್ಲುವುದಕ್ಕೆ ‘ಮಾನವೀಯತೆ ಸತ್ತಿದೆ’ ಅನ್ನುವುದನ್ನು ಬಿಟ್ಟು ಬೇರೆ ಕಾರಣ ಹೇಳಬಹುದೇ? ಕೊಲೆ ನಡೆಯುವಾಗ ಸುಮ್ಮನೆ ನೋಡುತ್ತಿದ್ದರು ಅನ್ನುವ ನ್ಯೂಯಾರ್ಕಿನ 38 ಸಾಕ್ಷಿಗಳ ಕಥೆ ಉದಾಹರಣೆಗೆ ಆದೀತೇ?

ಮನೋವಿಜ್ಞಾನ_ಮೇಷ್ಟ್ರು: ಆ ಕಥೆಯನ್ನು ಇದ್ದ ಹಾಗೇ ಹೇಳಬೇಡಿ ಸರ್. 1964ರ ಮಾರ್ಚ್‌ನಲ್ಲಿ ಅಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾದದ್ದು ನಿಜ. ಆದರೆ 38 ಜನ ಕಣ್ಣಾರೆ ನೋಡುತ್ತ ನಿಂತರು ಅನ್ನುವುದು ಪತ್ರಿಕೆ ಹಬ್ಬಿಸಿದ್ದು. ಹಲವರಿಗೆ ಕೂಗು ಮಾತ್ರ ಕೇಳಿಸಿತ್ತು; ಎರಡನೇ ಹಲ್ಲೆ ನಡೆದದ್ದು ಕಟ್ಟಡದ ಒಳಗೆ.

ಅದರ ಬೆನ್ನಿಗೆ ಡಾರ್ಲಿ ಮತ್ತು ಲಟಾನೆ ಎಂಬ ಅಮೆರಿಕದ ಮನೋವಿಜ್ಞಾನಿಗಳು ಮಾಡಿದ ಪ್ರಯೋಗಗಳನ್ನು ಹೇಳಿ. 1968ರದ್ದರಲ್ಲಿ ಬೇರೆ ಬೇರೆ ಕೋಣೆಯಲ್ಲಿ ಕೂತವರಿಗೆ ಇಂಟರ್‌ಕಾಮ್‌ನಲ್ಲಿ ಒಬ್ಬನಿಗೆ ಫಿಟ್ಸ್ ಬಂದ ದನಿ ಕೇಳಿಸುತ್ತದೆ. ತಾನೊಬ್ಬನೇ ಕೇಳುತ್ತಿದ್ದೇನೆ ಅಂದುಕೊಂಡವರಲ್ಲಿ ಫಿಟ್ಸ್ ನಿಲ್ಲುವ ಮೊದಲೇ ನೆರವಿಗೆಂದು ಎದ್ದು ಹೋದವರು ಶೇ. 85, ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಶೇ. 31. ಇಲ್ಲಿ ಹೊಣೆ ಹಂಚಿಹೋಯಿತು. ಕೋಣೆಗೆ ಹೊಗೆ ಬಿಟ್ಟ ಪ್ರಯೋಗದ ಕಾರಣ ಬೇರೆ. ಒಬ್ಬರೇ ಇದ್ದಾಗ ಶೇ. 75 ಜನ ತಿಳಿಸಿದರು. ಬೇಕೆಂದೇ ಸುಮ್ಮನೆ ಕೂರಿಸಿದ್ದ ಇಬ್ಬರು ಪಕ್ಕದಲ್ಲಿದ್ದಾಗ ಶೇ. 10 ಮಾತ್ರ. ಅವರೇ ಸುಮ್ಮನಿದ್ದಾರೆ, ಏನೂ ಆಗಿರಲಿಕ್ಕಿಲ್ಲ ಅನ್ನುವ ಲೆಕ್ಕ. ಇವೆರಡನ್ನೂ ಒಂದೇ ಮಾಡಬೇಡಿ, ಮದ್ದು ಬೇರೆ ಬೇರೆ.

ದಾರಿಹೋಕ: ಗುಂಪು ಅಂದರೆ ಕೆಟ್ಟದ್ದು ಅಂತಲೂ ಕಲಿಸಬೇಡಿ. ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್‌ಗಳ ಸಿಸಿಟಿವಿಯಲ್ಲಿ 219 ಬೀದಿಜಗಳಗಳನ್ನು ನೋಡಿದಾಗ, ಶೇ. 91ರಲ್ಲಿ ಯಾರಾದರೊಬ್ಬರು ಮಧ್ಯೆ ಬಂದಿದ್ದರು. ನಮ್ಮಲ್ಲಿ ‘ಊರ ಉಸಾಬರಿ ಯಾಕೆ’ ಅನ್ನಿಸುವುದಕ್ಕೆ ಠಾಣೆ, ಕೋರ್ಟಿನ ಭಯವೂ ಸೇರಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಮತ್ತು ಅದರಡಿಯ ನಿಯಮಗಳನ್ನು ಓದಿಸಿ: ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ.

ಪ್ರಥಮಚಿಕಿತ್ಸೆ_ತರಬೇತಿ: ತರಗತಿಯ ಅರ್ಧ ಹೊತ್ತು ಅಭ್ಯಾಸಕ್ಕಿಡಿ. ಆರು ಜನರ ಗುಂಪು ಮಾಡಿ, ಅವರ ಮುಂದೆ ಅಪಘಾತದ ನಟನೆ ಮಾಡಿಸಿ; ಮೊದಲೇ ಇಬ್ಬರಿಗೆ ‘ಏನೂ ಮಾಡಬೇಡಿ’ ಅಂತ ಗುಟ್ಟಾಗಿ ಹೇಳಿ. ಉಳಿದವರು ತಡವರಿಸುವುದು ಅವರ ಕಣ್ಣಿಗೇ ಬೀಳುತ್ತದೆ.

ಮೊದಲು ‘ಆಕ್ಸಿಡೆಂಟ್ ಆಗಿದೆ, ರಕ್ತ ಹೋಗ್ತಿದೆ’ ಅಂತ ಗಟ್ಟಿಯಾಗಿ ಹೇಳಬೇಕು. ಹೊಗೆಯ ಕೋಣೆಯ ಮೌನ ಒಡೆಯುವುದು ಇದರಿಂದಲೇ. ಆಮೇಲೆ ‘ಯಾರಾದ್ರೂ ಫೋನ್ ಮಾಡ್ರಪ್ಪಾ’ ಅನ್ನಬಾರದು, ಯಾರೂ ಮಾಡುವುದಿಲ್ಲ. ಬೆರಳು ತೋರಿಸಿ: ‘ನೀಲಿ ಅಂಗಿ ಅಣ್ಣ, 108ಕ್ಕೆ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ.’ ‘ಅಕ್ಕಾ, ನೀವು ಆ ಕಡೆಯಿಂದ ಬರೋ ಗಾಡಿ ನಿಧಾನ ಮಾಡ್ಸಿ.’ ಒಬ್ಬರಿಗೆ ಒಂದೇ ಕೆಲಸ. ಎರಡು ಕೊಟ್ಟರೆ ಫೋನ್ ಮರೆತೇ ಹೋಗುತ್ತದೆ. ಕಿಲೋಮೀಟರ್ ಕಲ್ಲು ಅಥವಾ ಅಂಗಡಿ ಬೋರ್ಡು ನೋಡಿ ಜಾಗ ಹೇಳಲು ಕಲಿಸಿ.

ಕೈಹಾಕುವವರೂ ತಪ್ಪುವ ಕಡೆ ಇದೆ. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಡುತ್ತಾರೆ, ಅದು ಶ್ವಾಸನಾಳಕ್ಕೆ ಹೋಗಬಹುದು. ಕೈಕಾಲು ಹಿಡಿದೆತ್ತಿ ಆಟೋಗೆ ತುಂಬುತ್ತಾರೆ, ಕತ್ತಿನ ಮೂಳೆ ಮುರಿದಿದ್ದರೆ ಅನಾಹುತ. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ಎಳೆಯಬಾರದು. ರಕ್ತ ಸೋರುವಲ್ಲಿ ಶುಭ್ರವಾದ ಬಟ್ಟೆ ಮಡಚಿ ಒತ್ತಿ ಹಿಡಿಯಿರಿ. ಅದು ನೆನೆದರೆ ತೆಗೆಯದೆ, ಮೇಲೆ ಇನ್ನೊಂದಿಟ್ಟು ಒತ್ತಿ.